ಆರ್‌ಎಕ್ಸ್ 100: ಎರಡು ಸಲ ಸೀಜ್ ಆದ ಎಂಜಿನ್ನನ್ನು ಬಿಚ್ಚಿ ಕಟ್ಟಿದ್ದು

ಮೇಜಿನ ಮೇಲಿರುವುದು 1992ರ ಯಮಹಾ ಆರ್‌ಎಕ್ಸ್ 100ರ ಎಂಜಿನ್. ಬ್ಲಾಕ್, ಅಂದರೆ ಪಿಸ್ಟನ್ ಓಡುವ ಸಿಲಿಂಡರ್, ಕೊರೆಸಿ ಕೊರೆಸಿ (ಬೋರಿಂಗ್) ಆಗಲೇ 0.75 ಮಿ.ಮೀ. ಓವರ್‌ಸೈಜ್‌ಗೆ ಬಂದಿದೆ. ಕೊನೆಯ ಎರಡು ಬೋರಿಂಗ್ ಮಾಡಿಸಿದ್ದು ಸವೆತದಿಂದಲ್ಲ, ಸೀಜ್ ಆಗಿದ್ದಕ್ಕೆ, ಅಂದರೆ ಪಿಸ್ಟನ್ ಬಿಸಿಗೆ ಬ್ಲಾಕಿನೊಳಗೆ ಕಚ್ಚಿಕೊಂಡಿದ್ದಕ್ಕೆ. ಎರಡೂ ಸಲ ಹೊಸ ಪಿಸ್ಟನ್, ಹೊಸ ರಿಂಗ್, ಲೇತ್ ಖರ್ಚು ಎಲ್ಲ ಆಗಿದೆ. ಗಾಡಿ ಮಾತ್ರ ಹೈವೇಯಲ್ಲಿ ಅರ್ಧ ಗಂಟೆ ಓಡಿದರೆ ಸಾಕು, ಹಿಂದಿನ ಚಕ್ರ ಕಿರ್ರೆಂದು ನಿಲ್ಲುತ್ತದೆ.

ಇಂಥ ಗಾಡಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಆಯಿಲ್ ಜಾಸ್ತಿ ಹಾಕಿ. ಆಯಿಲ್ ಪಂಪ್ ತೆಗೆದುಹಾಕಿ ಪೆಟ್ರೋಲಿಗೇ ಆಯಿಲ್ ಬೆರೆಸುವ ಗಾಡಿಗಳಲ್ಲಿ ಈ ಸಲಹೆಯೇ ತೊಂದರೆ ಹೆಚ್ಚಿಸುತ್ತದೆ. ಲೀಟರಿಗೆ 20 ಮಿ.ಲೀ. ಬದಲು 40 ಸುರಿದರೆ ಜೆಟ್‌ನಲ್ಲಿ ಹಾದುಹೋಗುವ ದ್ರವ ಮಂದವಾಗುತ್ತದೆ, ಅದರಲ್ಲಿ ಪೆಟ್ರೋಲಿನ ಪಾಲು ಕುಗ್ಗುತ್ತದೆ, ಗಾಳಿ ಮಾತ್ರ ಮೊದಲಿನಷ್ಟೇ ಬರುತ್ತದೆ. ಮಿಶ್ರಣ ಲೀನ್ ಆಗಿ (ಗಾಳಿ ಹೆಚ್ಚು, ಪೆಟ್ರೋಲ್ ಕಡಿಮೆ) ಎಂಜಿನ್ ಇನ್ನೂ ಬಿಸಿಯಾಗುತ್ತದೆ. ಹಾಫ್ ಎಂಜಿನ್ ಕೆಲಸ (ಬ್ಲಾಕ್, ಪಿಸ್ಟನ್ ಮಾತ್ರ) ಮಾಡಿಸಿದ ಮೇಲೂ ಮತ್ತೆ ಸೀಜ್ ಆದರೆ ಮೊದಲು ಅನುಮಾನಿಸಬೇಕಾದದ್ದು ಆಯಿಲನ್ನಲ್ಲ, ಎಲ್ಲಿಂದಲೋ ಕದ್ದು ಒಳಗೆ ಬರುತ್ತಿರುವ ಗಾಳಿಯನ್ನು. ಈ ಎಂಜಿನ್ನಿನಲ್ಲೂ ಆಗಿದ್ದು ಅದೇ.

ಬಿಚ್ಚುವ ಮುಂಚೆ ಇದರ ಮನೆತನದ ವಿಷಯ ಸ್ವಲ್ಪ ತಿಳಿದಿರಬೇಕು, ಭಾಗಗಳನ್ನು ಹುಡುಕುವಾಗ ಉಪಯೋಗಕ್ಕೆ ಬರುತ್ತದೆ. ಸಂಗೀತ ವಾದ್ಯ ಮಾಡುತ್ತಿದ್ದ ಜಪಾನಿನ ನಿಪ್ಪೊನ್ ಗಕ್ಕಿ ಕಂಪನಿ ಜರ್ಮನಿಯ ಡಿಕೆಡಬ್ಲ್ಯು ಆರ್‌ಟಿ 125 ಅನ್ನು ಮಾದರಿಯಾಗಿಟ್ಟುಕೊಂಡು ವೈಎ-1 ಎಂಬ 125 ಸಿಸಿ ಟೂ ಸ್ಟ್ರೋಕ್ ಗಾಡಿ ಮಾಡಿತು. 1955ರ ಜುಲೈ 1ರಂದು ಯಮಹಾ ಮೋಟಾರ್ ಬೇರೆ ಕಂಪನಿಯಾಯಿತು. ಅದೇ ತಿಂಗಳು ಫ್ಯೂಜಿ ಬೆಟ್ಟ ಹತ್ತುವ ರೇಸನ್ನು ವೈಎ-1 ಗೆದ್ದಿತು. 1964ರಲ್ಲಿ ವೈಎ-6 ಜತೆ ಆಟೋಲ್ಯೂಬ್ ಬಂತು: ಆಯಿಲ್‌ಗೆ ಬೇರೆ ಟ್ಯಾಂಕ್, ಎಂಜಿನ್ನೇ ತಿರುಗಿಸುವ ಪಂಪ್, ಆಕ್ಸಿಲರೇಟರ್ ತಿರುವಿದಷ್ಟು ಆಯಿಲ್. 1970ರ ದಶಕದ ಆರಂಭದಲ್ಲಿ ಕಾರ್ಬೊರೇಟರ್ ಮತ್ತು ಕ್ರ್ಯಾಂಕ್ ಕೇಸ್ (ಕ್ರ್ಯಾಂಕ್ ತಿರುಗುವ ಕೋಣೆ) ನಡುವೆ ರೀಡ್ ವಾಲ್ವ್, ಅಂದರೆ ಒಳಗೆ ಮಾತ್ರ ಬಿಡುವ ತೆಳ್ಳನೆ ಎಲೆಯ ಬಾಗಿಲು, ಸೇರಿತು. ಯಮಹಾ ಅದಕ್ಕೆ ಟಾರ್ಕ್ ಇಂಡಕ್ಷನ್ ಅಂತ ಹೆಸರಿಟ್ಟಿತು. ಆರ್‌ಎಕ್ಸ್ 100ರಲ್ಲಿ ಈ ಎರಡೂ ಇವೆ.

ನಮ್ಮಲ್ಲಿ ಅದನ್ನು ಕಟ್ಟಿದ್ದು ಎಸ್ಕಾರ್ಟ್ಸ್. ಪೋಲೆಂಡಿನ ಮಾದರಿಯ ರಾಜದೂತ್ 175ರಿಂದ ಹೆಸರು ಮಾಡಿದ್ದ ಕಂಪನಿ, 1983ರಲ್ಲಿ ಯಮಹಾ ಆರ್‌ಡಿ 350ನ್ನು ರಾಜದೂತ್ 350 ಎಂದು ಇಳಿಸಿತು. ಬೆಲೆ ಜಾಸ್ತಿ, ಮೈಲೇಜ್ ಇಲ್ಲ, ಓಡಲಿಲ್ಲ. ಅಷ್ಟರಲ್ಲಿ ಜಪಾನಿನ 100 ಸಿಸಿ ಗಾಡಿಗಳು ಸಾಲಾಗಿ ಬಂದವು: ಇಂಡ್-ಸುಜುಕಿ, ಹೀರೋ ಹೋಂಡಾ ಸಿಡಿ 100, ಸ್ವಲ್ಪ ತಡವಾಗಿ 1986ರಲ್ಲಿ ಕವಾಸಾಕಿ ಬಜಾಜ್ ಕೆಬಿ 100. ಆರ್‌ಎಕ್ಸ್ 100 ಇಳಿದದ್ದು 1985ರ ನವೆಂಬರಿನಲ್ಲಿ. ಬೋರ್ 50 ಮಿ.ಮೀ., ಸ್ಟ್ರೋಕ್ 50 ಮಿ.ಮೀ., 98 ಸಿಸಿ, 7500 ಆರ್‌ಪಿಎಂನಲ್ಲಿ 11 ಎಚ್‌ಪಿ, ನಾಲ್ಕು ಗೇರ್, ನೂರು ಕೆ.ಜಿ. ಆಸುಪಾಸಿನ ತೂಕ. ಸುತ್ತಲಿನ ಗಾಡಿಗಳಿಗೆ ಹೋಲಿಸಿದರೆ ಈ ತೂಕಕ್ಕೆ ಈ ಶಕ್ತಿ ಸಿಕ್ಕಾಪಟ್ಟೆ. 1996ರಲ್ಲಿ ಹೊಗೆ ನಿಯಮ ಬಿಗಿಯಾದಾಗ ತಯಾರಿಕೆ ನಿಂತಿತು. ಮುಂದೆ 132 ಸಿಸಿಯ ಆರ್‌ಎಕ್ಸ್ 135 ನಡೆಯಿತು, ಅದೂ ಇದೇ 50 ಮಿ.ಮೀ. ಸ್ಟ್ರೋಕ್, ಬೋರ್ ಮಾತ್ರ 58.

ಮೊದಲ ಗಾಡಿಗಳ ಭಾಗಗಳು ಜಪಾನಿನಿಂದಲೇ ಬಂದವು, ಹಾಗಾಗಿ "ಮೇಡ್ ಇನ್ ಜಪಾನ್" ಎಂದು ಅಚ್ಚು ಬಿದ್ದ ಬ್ಲಾಕ್, ಕ್ರ್ಯಾಂಕ್‌ಗೆ ಇಂದಿಗೂ ಬೇಡಿಕೆ. ಲೋಹದ ಭಾಗಕ್ಕೆ ಆ ಬೆಲೆ ಕೊಡಬಹುದು. ಆದರೆ ಅದೇ ಕಾಲದ ಸೀಲ್, ರಬ್ಬರ್ ಎಲ್ಲಿ ಮಾಡಿದ್ದಾದರೂ ಈಗ ಸತ್ತಿರುತ್ತದೆ. "ಒರಿಜಿನಲ್ ಜಪಾನ್ ಸೀಲ್, ಬಿಚ್ಚಿಯೇ ಇಲ್ಲ" ಎಂದು ಹೆಮ್ಮೆಯಿಂದ ಮಾರುವ ಎಂಜಿನ್ ಕಂಡರೆ ಬೆಲೆ ಇಳಿಸಿ ಕೇಳಿ. ಯಮಹಾ ಭಾಗಸಂಖ್ಯೆಯಲ್ಲಿ ಮೊದಲ ಮೂರಕ್ಷರ ಮಾದರಿಯದು. ಆರ್‌ಎಕ್ಸ್ 100ಕ್ಕೆ 1ಎಲ್1. ಅಂಗಡಿಯವರು "ಎಲ್ಲ ಆರ್‌ಎಕ್ಸ್‌ಗೂ ಕೂರುತ್ತೆ" ಅಂದಾಗ ಡಬ್ಬಿಯ ಮೇಲಿನ ಆ ಮೂರಕ್ಷರ ನೋಡಿ.

ಪಿಸ್ಟನ್ ಏನು ಹೇಳುತ್ತದೆ

ಹೆಡ್, ಬ್ಲಾಕ್ ಎತ್ತಿದ ಕೂಡಲೇ ಪಿಸ್ಟನ್ ತೊಳೆಯಬೇಡಿ. ಗೀರು ಎಲ್ಲಿದೆ ಎಂಬುದರಲ್ಲೇ ಅರ್ಧ ಉತ್ತರ ಇರುತ್ತದೆ. ಸುತ್ತಲೂ ನಾಲ್ಕು ಮೂಲೆಯಲ್ಲಿ ಉದ್ದುದ್ದ ಗೀರು ಬಿದ್ದಿದ್ದರೆ ಪಿಸ್ಟನ್ ಬ್ಲಾಕಿಗಿಂತ ಬೇಗ ಬಿಸಿಯಾಗಿ ಹಿಗ್ಗಿದೆ: ಕ್ಲಿಯರೆನ್ಸ್ ಕಡಿಮೆ, ಇಲ್ಲವೇ ತಣ್ಣನೆ ಎಂಜಿನ್ನನ್ನು ಶುರುವಿನಲ್ಲೇ ಹಿಂಡಿದ್ದಾರೆ. ಇನ್‌ಟೇಕ್ ಕಡೆಯ ಸ್ಕರ್ಟ್ (ಪಿಸ್ಟನ್ನಿನ ಕೆಳಭಾಗ) ಮಾತ್ರ ಒಣಗಿ ಕೆರೆದಿದ್ದರೆ ಆಯಿಲ್ ತಲುಪಿಲ್ಲ. ಸೈಲೆನ್ಸರ್ ಕಡೆ ಮಾತ್ರ ಗೀರು, ಅಲ್ಲೇ ಅಲ್ಯೂಮಿನಿಯಂ ಮೆತ್ತಿಕೊಂಡಿದೆ, ತಲೆಯ ಮೇಲಿನ ಕಾರ್ಬನ್ ಬೂದಿಯಂತೆ ಬೆಳ್ಳಗಿದೆ ಎಂದರೆ ಮಿಶ್ರಣ ಲೀನ್. ತಲೆಯ ನಡುವೆಯೇ ಕರಗಿ ತೂತು ಬಿದ್ದಿದ್ದರೆ ಲೀನ್ ಜತೆಗೆ ತಪ್ಪು ಪ್ಲಗ್ ಅಥವಾ ತಪ್ಪು ಟೈಮಿಂಗ್.

ಈ ಪಿಸ್ಟನ್ನಿನಲ್ಲಿ ಗೀರು ಸೈಲೆನ್ಸರ್ ಕಡೆ, ಪ್ಲಗ್ಗಿನ ಬಿಳಿ ಪಿಂಗಾಣಿಗೆ ಬಣ್ಣವೇ ಹತ್ತಿಲ್ಲ, ಸ್ಕರ್ಟಿನ ಹಿಂಬದಿಯಲ್ಲಿ ಆಯಿಲ್ ಸಾಕಷ್ಟಿದೆ. ಗಾಡಿ ಓಡಿಸಿದವರು ಹೇಳುವ ಲಕ್ಷಣಗಳೂ ಅದಕ್ಕೆ ಹೊಂದುತ್ತವೆ: ಆಕ್ಸಿಲರೇಟರ್ ಬಿಟ್ಟರೂ ಐಡ್ಲಿಂಗ್ ಮೇಲೇ ನಿಂತು ನಿಧಾನಕ್ಕೆ ಇಳಿಯುತ್ತದೆ, ಬೆಳಿಗ್ಗೆ ಒಂದು ತರಹ, ಬಿಸಿಯಾದ ಮೇಲೆ ಇನ್ನೊಂದು ತರಹ.

ಗಾಳಿ ಪರೀಕ್ಷೆ

ಹೊರಡುವಾಗ ಕ್ರಮ ತಪ್ಪಬೇಡಿ: ಈ ಪರೀಕ್ಷೆ ಎಂಜಿನ್ ಬಿಚ್ಚುವ ಮುಂಚೆ. ಹೆಡ್ ಎತ್ತಿದ್ದರೆ ಹಳೆಯ ಪಿಸ್ಟನ್ ಬ್ಲಾಕನ್ನೇ ಹೊಸ ಪ್ಯಾಕಿಂಗ್ ಹಾಕಿ ಮತ್ತೆ ಕೂರಿಸಿ. ಅರ್ಧ ಗಂಟೆಯ ಕೆಲಸ, ಒಂದು ಬೋರಿಂಗ್ ಉಳಿಸುತ್ತದೆ.

ಬೇಕಾದ್ದು ಬಿಪಿ ನೋಡುವ ಉಪಕರಣದ ಡಯಲ್ ಮತ್ತು ಒತ್ತುವ ಬಲ್ಬ್. ಅದರಲ್ಲಿ 300 ಅಂದರೆ ಸುಮಾರು 5.8 ಪಿಎಸ್‌ಐ, ನಮಗೆ ಬೇಕಾದಷ್ಟೇ. ಟಯರ್ ಪಂಪ್ ಹಚ್ಚಬೇಡಿ. 8-10 ಪಿಎಸ್‌ಐ ದಾಟಿದರೆ ಚೆನ್ನಾಗಿರುವ ಸೀಲೂ ಜಾಗದಿಂದ ಜರುಗಬಹುದು.

ಸೈಲೆನ್ಸರ್ ಬಿಚ್ಚಿ, ಬ್ಲಾಕಿನಲ್ಲಿ ಅದು ಕೂರುವ ಬಾಯಿಗೆ ಹಳೆ ಟ್ಯೂಬಿನ ರಬ್ಬರ್ ಎರಡು ಪದರ ಇಟ್ಟು ಮೇಲೊಂದು ತಗಡಿನ ಪಟ್ಟಿ ಬಿಗಿಯಿರಿ. ಆಯಿಲ್ ಪೈಪ್ ಸೇರುವ ನಿಪ್ಪಲ್‌ಗೆ ಮುಚ್ಚಿದ ರಬ್ಬರ್ ತುಂಡು ಹಾಕಿ. ಪ್ಲಗ್ ತನ್ನ ಜಾಗದಲ್ಲೇ ಇರಲಿ. ಪಿಸ್ಟನ್ ಕೆಳಗಿರಬೇಕು, ಆಗ ಟ್ರಾನ್ಸ್‌ಫರ್ ಪೋರ್ಟ್‌ಗಳು (ಕೇಸಿನಿಂದ ಬ್ಲಾಕಿಗೆ ಮಿಶ್ರಣ ಹೋಗುವ ದಾರಿಗಳು) ತೆರೆದು ಕ್ರ್ಯಾಂಕ್ ಕೇಸ್, ಬ್ಲಾಕ್ ಎರಡೂ ಒಂದೇ ಕೋಣೆಯಾಗುತ್ತವೆ. ಇನ್ನು ಗಾಳಿ ಕೊಡುವುದು ಎಲ್ಲಿಂದ? ಬಹಳ ಜನ ಪ್ಲಗ್ ತೂತಿನಿಂದ ಕೊಡುತ್ತಾರೆ. ರೀಡ್ ವಾಲ್ವ್ ಇರುವ ಎಂಜಿನ್ನಿನಲ್ಲಿ ಹಾಗೆ ಕೊಟ್ಟರೆ ಒಳಗಿನ ಒತ್ತಡಕ್ಕೆ ರೀಡ್ ಮುಚ್ಚಿಕೊಳ್ಳುತ್ತದೆ, ಆಚೆಗಿನ ಇನ್‌ಟೇಕ್ ರಬ್ಬರ್ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಕಾರ್ಬೊರೇಟರ್ ತೆಗೆದು ಆ ರಬ್ಬರಿನ ಬಾಯಿಗೇ ಬಿರಡೆ ಹಾಕಿ, ಬಿರಡೆಯ ನಡುವೆ ಸೈಕಲ್ ಟ್ಯೂಬಿನ ನಳಿಕೆ ತೂರಿಸಿ, ಕ್ಲ್ಯಾಂಪ್ ಬಿಗಿದು ಗಾಳಿ ಕೊಡಿ. ರೀಡ್ ತೆರೆದು ಗಾಳಿ ಒಳಗೆ ಹೋಗುತ್ತದೆ, ಎಲ್ಲ ಜಾಗವೂ ಒಂದೇ ಸಲ ಪರೀಕ್ಷೆಗೆ ಸಿಗುತ್ತದೆ.

ಮುಳ್ಳನ್ನು 300ಕ್ಕೆ ತಂದು ಗಡಿಯಾರ ನೋಡಿ. ನಿಮಿಷಕ್ಕೆ 50ಕ್ಕಿಂತ ಹೆಚ್ಚು ಇಳಿದರೆ ಅದು ಓಡಿಸುವ ಎಂಜಿನ್ ಅಲ್ಲ. ಹೊಸದಾಗಿ ಕಟ್ಟಿದ್ದರಲ್ಲಂತೂ ಆರು ನಿಮಿಷಕ್ಕೆ ಅಷ್ಟು ಇಳಿದರೂ ಒಪ್ಪಬಾರದು. ಇಲ್ಲಿ ಮುಳ್ಳು ನಿಲ್ಲಲೇ ಇಲ್ಲ, ಬಲ್ಬ್ ಒತ್ತಿದಂತೆಲ್ಲ ಜಾರುತ್ತಲೇ ಇತ್ತು.

ಸೋರಿಕೆ ಹುಡುಕಲು ಸೋಪಿನ ನೀರು, ಬ್ರಷ್. ಹೆಡ್ ಪ್ಯಾಕಿಂಗ್, ಬ್ಲಾಕ್ ಬುಡದ ಪ್ಯಾಕಿಂಗ್, ರೀಡ್ ಬ್ಲಾಕಿನ ಎರಡೂ ಬದಿ, ಕೇಸಿನ ನಡುಗೆರೆ. ಇನ್‌ಟೇಕ್ ರಬ್ಬರ್ ಬಾಗುವ ಕಡೆ, ಕಣ್ಣಿಗೆ ಕಾಣದಷ್ಟು ಸಣ್ಣ ಬಿರುಕಿನಲ್ಲಿ ಗುಳ್ಳೆ ಸಾಲಾಗಿ ಎದ್ದವು. ಬೆರಳಿನಿಂದ ಬಗ್ಗಿಸಿದಾಗ ಬಿರುಕು ಬಾಯಿ ಬಿಟ್ಟಿತು. ಮ್ಯಾಗ್ನೆಟ್ ಮತ್ತು ಕಾಯಿಲ್ ಪ್ಲೇಟ್ ತೆಗೆದರೆ ಎಡ ಕ್ರ್ಯಾಂಕ್ ಸೀಲ್ ಕಾಣುತ್ತದೆ. ಅದರ ತುಟಿಯ ಸುತ್ತ ನೊರೆ ಉಕ್ಕಿತು.

ಬಲಗಡೆ, ಕ್ಲಚ್ ಬದಿಯ ಸೀಲ್ ಹೀಗೆ ಕಾಣುವುದಿಲ್ಲ, ಸೋರಿದ ಗಾಳಿ ಗೇರ್ ಬಾಕ್ಸಿಗೆ ಹೋಗುತ್ತದೆ. ಗೇರ್ ಬಾಕ್ಸಿನ ಬ್ರೀದರ್ (ಗಾಳಿಯಾಡುವ ತೂತು) ಮುಚ್ಚಿ, ಗೇರ್ ಆಯಿಲ್ ಹಾಕುವ ತೂತಿನ ಬಾಯಿಗೆ ಸೋಪಿನ ಪೊರೆ ಎಳೆಯಿರಿ. ಪೊರೆ ಉಬ್ಬಿದರೆ ಬಲ ಸೀಲ್ ಹೋಗಿದೆ. ಎರಡು ಸೀಲ್‌ಗಳ ರೋಗಲಕ್ಷಣವೂ ಬೇರೆ. ಎಡದ್ದು ಹೋದರೆ ಗಾಳಿ ಬಂದು ಲೀನ್ ಆಗಿ ಸೀಜ್. ಬಲದ್ದು ಹೋದರೆ ಎಂಜಿನ್ ಗೇರ್ ಆಯಿಲನ್ನೇ ಹೀರುತ್ತದೆ: ಬಿಳಿ ಹೊಗೆ ನಿಲ್ಲುವುದಿಲ್ಲ, ಪ್ಲಗ್ ಒದ್ದೆ, ಗೇರ್ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ. ಇಲ್ಲಿ ಬಲ ಸೀಲ್ ಹಿಡಿದಿತ್ತು. ಹಾಗಂತ ಹಳೆಯದನ್ನೇ ಬಿಡುವುದಿಲ್ಲ.

ಎಡ ಸೀಲ್ ಒಂದೇ ಹೋಗಿದ್ದರೆ ಕೇಸ್ ಒಡೆಯದೆ ಹೊರಗಿನಿಂದಲೇ ಬದಲಿಸಬಹುದು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬೇರಿಂಗ್ ಕೂಡ ಗರಗರ ಅನ್ನುತ್ತಿತ್ತು. ಹಾಗಾಗಿ ಫುಲ್ ಎಂಜಿನ್, ಕೇಸ್ ಒಡೆದು ಪೂರ್ತಿ ಕೆಲಸ.

ಕೇಸ್ ಒಡೆಯುವುದು, ಕ್ರ್ಯಾಂಕ್

ಕೇಸಿನ ನಕ್ಷತ್ರ ಸ್ಕ್ರೂಗಳು ಜಪಾನಿನ ಜೆಐಎಸ್ ಅಳತೆಯವು. ಸಾಮಾನ್ಯ ಫಿಲಿಪ್ಸ್ ಸ್ಕ್ರೂಡ್ರೈವರ್ ಅದರಲ್ಲಿ ತಳ ಮುಟ್ಟುವುದಿಲ್ಲ, ತಿರುಗಿಸಿದಾಗ ಮೇಲಕ್ಕೆ ಜಾರಿ ತಲೆ ಕಿತ್ತುಹೋಗುತ್ತದೆ. ಜೆಐಎಸ್ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರಿಗೆ ಒಂದು ಸುತ್ತಿಗೆ ಏಟು ಸಾಕು. ಪ್ರತಿ ಸ್ಕ್ರೂ ಉದ್ದ ಬೇರೆ. ರಟ್ಟಿನ ಮೇಲೆ ಕವರಿನ ಚಿತ್ರ ಬರೆದು ಆಯಾ ಜಾಗದಲ್ಲೇ ಚುಚ್ಚಿಡಿ. ಉದ್ದದ ಸ್ಕ್ರೂ ಗಿಡ್ಡ ತೂತಿಗೆ ಹೋದರೆ ಕೇಸ್ ಬಿರುಕು ಬಿಡುತ್ತದೆ.

ಮ್ಯಾಗ್ನೆಟ್ಟಿಗೆ ಪುಲ್ಲರ್ ಬೇಕೇ ಬೇಕು, ಉಳಿ ಇಟ್ಟು ಎಬ್ಬಿಸಬೇಡಿ. ಕಾಯಿಲ್ ಪ್ಲೇಟ್ ತೆಗೆಯುವ ಮುಂಚೆ ಪ್ಲೇಟ್ ಮತ್ತು ಕೇಸ್ ಎರಡಕ್ಕೂ ಸೇರುವಂತೆ ಸಣ್ಣ ಗೆರೆ ಎಳೆದುಕೊಳ್ಳಿ. ಕೇಸ್ ಎಡ-ಬಲ ಎರಡು ಹೋಳು, ನಡುವೆ ಪ್ಯಾಕಿಂಗ್ ಇಲ್ಲ, ಸೀಲಂಟ್ ಮಾತ್ರ. ನಡುಗೆರೆಗೆ ಸ್ಕ್ರೂಡ್ರೈವರ್ ತೂರಿಸಿ ಮೀಟಿದ ಗಾಯ ಇಲ್ಲದ ಕೇಸ್ ಸಿಗುವುದೇ ಅಪರೂಪ. ಆ ಗಾಯವೇ ಮುಂದೆ ಗಾಳಿ ಸೋರುವ ಜಾಗ.

ಕನೆಕ್ಟಿಂಗ್ ರಾಡನ್ನು ನೇರ ಮೇಲೆ-ಕೆಳಗೆ ಎಳೆದರೆ ಕಿಂಚಿತ್ತೂ ಆಟ ಇರಕೂಡದು. ರಾಡಿನ ಮೇಲ್ತುದಿ ಪಕ್ಕಕ್ಕೆ ವಾಲುವುದು 0.8ರಿಂದ 1.0 ಮಿ.ಮೀ. ಇದ್ದರೆ ಹೊಸದರಂತೆ, 2 ಮಿ.ಮೀ. ಮುಟ್ಟಿದರೆ ರಾಡ್ ಕಿಟ್ ಬದಲಾಗಬೇಕು. ಇಲ್ಲಿ ಬದಲಾಯಿಸಲೇಬೇಕಿತ್ತು. ಒತ್ತಿ ಸೇರಿಸಿದ ಕ್ರ್ಯಾಂಕ್ ಇದು, ಬೋಲ್ಟಿಲ್ಲ. ಪ್ರೆಸ್ಸಿಗೆ ಕೊಡುವ ಮೊದಲು ಎರಡು ಚಕ್ರಗಳ ಹೊರ ಅಂಚಿನ ಅಗಲವನ್ನು ವರ್ನಿಯರ್‌ನಲ್ಲಿ ಅಳೆದು ಬರೆದುಕೊಳ್ಳಿ. ಹೊಸ ಪಿನ್ ಹಾಕಿದ ಮೇಲೂ ಅದೇ ಅಗಲ ಬರಬೇಕು. ಆಮೇಲೆ ವಿ-ಬ್ಲಾಕ್ ಮೇಲಿಟ್ಟು ಡಯಲ್ ಗೇಜ್ ಹಚ್ಚಿ ತಿರುಗಿಸಿದಾಗ ಓಟ (ಅತ್ತಿತ್ತ ವಾಲಾಟ) 0.03 ಮಿ.ಮೀ. ಒಳಗಿರಬೇಕು. ಡಯಲ್ ಗೇಜ್ ಇಲ್ಲದ, "ಕಣ್ಣಲ್ಲೇ ನೋಡ್ತೀವಿ" ಅನ್ನುವ ಲೇತ್‌ಗೆ ಕ್ರ್ಯಾಂಕ್ ಕೊಡಬೇಡಿ. ವಾಲಿದ ಕ್ರ್ಯಾಂಕ್ ಹೊಸ ಸೀಲಿನ ತುಟಿಯನ್ನು ಪ್ರತಿ ಸುತ್ತಿಗೂ ತಳ್ಳುತ್ತದೆ. ಕೆಲವು ಸಾವಿರ ಕಿ.ಮೀ. ಆಗುವಷ್ಟರಲ್ಲಿ ಮತ್ತೆ ಗಾಳಿ.

ಬೇರಿಂಗ್ ನಂಬರ್ ಹಳೆಯದರ ಮೇಲೇ ಕೊರೆದಿರುತ್ತದೆ, ಅದನ್ನೇ ಓದಿ ತನ್ನಿ, ಸಿ3 ಕ್ಲಿಯರೆನ್ಸಿನದೇ ಆಗಲಿ. ಸಾಮಾನ್ಯ ಬೇರಿಂಗ್ ಎಂಜಿನ್ ಬಿಸಿಯಲ್ಲಿ ಬಿಗಿಯುತ್ತದೆ. ಹೋಳನ್ನು ಹೀಟರ್ ಮೇಲಿಟ್ಟು, ಚಿಮುಕಿಸಿದ ನೀರು ಚುರ್ ಎನ್ನುವಷ್ಟು, ಸುಮಾರು 100 ಡಿಗ್ರಿಗೆ ಕಾಯಿಸಿ. ಬೇರಿಂಗ್ ಹಿಂದಿನ ರಾತ್ರಿಯಿಂದ ಫ್ರೀಜರಿನಲ್ಲಿರಲಿ. ಹೆಚ್ಚಾಗಿ ಕೈಯಿಂದಲೇ ಕೂರುತ್ತದೆ, ಕೂರದಿದ್ದರೆ ಹೊರ ರಿಂಗಿನ ಮೇಲೆ ಮಾತ್ರ ಒತ್ತಿ. ಕ್ರ್ಯಾಂಕನ್ನು ಕೇಸಿಗೆ ಸೇರಿಸುವಾಗ ಎಳೆಯುವ ಟೂಲ್ ಬಳಸಿ. ಸುತ್ತಿಗೆಯಿಂದ ಬಡಿದು ಕೂರಿಸಿದರೆ ಈಗಷ್ಟೇ 0.03ಕ್ಕೆ ತಂದದ್ದು ಹೋಗಿಬಿಡುತ್ತದೆ.

ಸೀಲಿನ ಸ್ಪ್ರಿಂಗ್ ಇರುವ ಮುಖ ಕ್ರ್ಯಾಂಕ್ ಕಡೆ, ತುಟಿಗೆ ಗ್ರೀಸ್. ಕೇಸಿನ ಮುಖಗಳನ್ನು ಥಿನ್ನರಿನಲ್ಲಿ ಒರೆಸಿ, ಅರೆಒಣಗುವ ಸೀಲಂಟನ್ನು ಒಂದು ಹೋಳಿಗೆ ಮಾತ್ರ ತೆಳ್ಳಗೆ ಸವರಿ. ದಪ್ಪಗೆ ಹಚ್ಚಿದ ಸಿಲಿಕೋನ್ ಒಳಗೆ ಹಿಂಡಿಕೊಂಡು ಬೇರಿಂಗಿಗೆ ಆಯಿಲ್ ಹೋಗುವ ತೂತನ್ನು ಮುಚ್ಚುತ್ತದೆ. ಸ್ಕ್ರೂ ಬಿಗಿದ ಮೇಲೆ ಕ್ರ್ಯಾಂಕ್ ಬೆರಳಲ್ಲಿ ತಿರುಗಬೇಕು, ಎಲ್ಲ ಗೇರೂ ಬೀಳಬೇಕು. ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ.

ಎಂಜಿನ್ ನಂಬರ್ ಇರುವುದು ಕೇಸಿನ ಮೇಲೆ. ಕೇಸ್ ಒಡೆದಿದೆಯೆಂದು ಗುಜರಿಯಿಂದ ಬೇರೆ ಕೇಸ್ ತಂದರೆ ಅದರ ಬಿಲ್ ಇಟ್ಟುಕೊಂಡು ಆರ್‌ಟಿಒದಲ್ಲಿ ಆರ್‌ಸಿಗೆ ಸೇರಿಸಲೇಬೇಕು. ಹಳೆ ನಂಬರನ್ನು ಉಜ್ಜಿ ಕೊರೆಸಿದ್ದು ಮುಂದೆ ಎಫ್‌ಸಿ ಸಮಯದಲ್ಲಿ ಸಿಕ್ಕಿಬೀಳುತ್ತದೆ.

ಬೋರಿಂಗ್

ಪಿಸ್ಟನ್ ಮೊದಲು, ಬೋರಿಂಗ್ ಆಮೇಲೆ. ಓವರ್‌ಸೈಜ್ ಪಿಸ್ಟನ್‌ಗಳು 0.25, 0.50, 0.75, 1.00 ಮಿ.ಮೀ. ಹೀಗೆ ಬರುತ್ತವೆ. ನಮ್ಮದು ಇನ್ನು ಕೊನೆಯ 1.00ಕ್ಕೆ, ಅದೂ ಕೆಟ್ಟರೆ ಹೊಸ ಸ್ಲೀವ್. ಡಬ್ಬಿಯ ಮೇಲೆ 1.00 ಎಂದಿದ್ದರೂ ಪಿಸ್ಟನ್ 51.00 ಇರುವುದಿಲ್ಲ, ಕ್ಲಿಯರೆನ್ಸ್ ಅದರಲ್ಲೇ ಬಿಟ್ಟಿರುತ್ತಾರೆ, ಅದೂ ಕಂಪನಿಯಿಂದ ಕಂಪನಿಗೆ ಬೇರೆ. ಸ್ಕರ್ಟಿನ ಕೆಳ ಅಂಚಿನಿಂದ ಸುಮಾರು 10 ಮಿ.ಮೀ. ಮೇಲೆ, ಗಜನ್ ಪಿನ್ನಿಗೆ (ಪಿಸ್ಟನ್ನನ್ನು ರಾಡಿಗೆ ಸೇರಿಸುವ ಪಿನ್) ಅಡ್ಡವಾಗಿ ಮೈಕ್ರೊಮೀಟರ್ ಹಿಡಿದು ಅಳೆಯಿರಿ. ಬೋರ್ ಅದಕ್ಕಿಂತ 0.04 ಮಿ.ಮೀ. ದೊಡ್ಡದಿರಲಿ. "ಪಿಸ್ಟನ್ ಬಿಟ್ರೆ ನಿಧಾನಕ್ಕೆ ಇಳೀಬೇಕು" ಎಂಬ ಕೈಲೆಕ್ಕದಲ್ಲಿ 0.02ಕ್ಕೂ ಹಾಗೇ ಇಳಿಯುತ್ತದೆ, 0.05ಕ್ಕೂ ಹಾಗೇ. ಮೊದಲನೆಯದು ಸೀಜ್, ಎರಡನೆಯದು ಬರೀ ಸದ್ದು. ಹಾಗಾಗಿ ಅನುಮಾನ ಬಂದರೆ 0.045ರ ಕಡೆಗೇ ಇರಲಿ.

ಬೋರಿಂಗ್ ಆದ ಮೇಲೆ ಪೋರ್ಟ್‌ಗಳ ಅಂಚು ಬ್ಲೇಡಿನ ಹಾಗೆ ಇರುತ್ತದೆ. ರಿಂಗ್ ಅಲ್ಲಿ ಹಾಯುವಾಗ ಸ್ವಲ್ಪ ಹೊರಗೆ ಉಬ್ಬಿ ಮತ್ತೆ ಒಳಗೆ ಬರಬೇಕು. ಅಂಚು ಚೂಪಾಗಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಎಲ್ಲ ಪೋರ್ಟ್‌ಗಳ ಅಂಚನ್ನೂ, ಮುಖ್ಯವಾಗಿ ಸೈಲೆನ್ಸರ್ ಪೋರ್ಟಿನ ಮೇಲಂಚು ಕೆಳಂಚನ್ನು, ಸಣ್ಣ ಅರ ಅಥವಾ ಕಲ್ಲಿನಿಂದ ಅರ್ಧ ಮಿ.ಮೀ. ಮುರಿಯಬೇಕು. ಬಹಳಷ್ಟು ಲೇತ್‌ಗಳು ಇದನ್ನು ಮಾಡುವುದಿಲ್ಲ, ನೀವೇ ಮಾಡಿ. ಬೆರಳಿನ ಉಗುರನ್ನು ಅಂಚಿನ ಮೇಲೆ ಎಳೆದಾಗ ತಡೆಯಬಾರದು.

ಹೋನಿಂಗ್ (ಬೋರಿನ ಒಳಮೈಯನ್ನು ಕಲ್ಲಿನಿಂದ ಉಜ್ಜುವುದು) ಪುಡಿ ಪೆಟ್ರೋಲಿಗೆ ಹೋಗುವುದಿಲ್ಲ. ಬಿಸಿನೀರು, ಸೋಪಿನ ಪುಡಿ, ಬ್ರಷ್ ಹಾಕಿ ತಿಕ್ಕಿ. ಬಿಳಿ ಪಂಚೆಯ ತುಂಡಿನಿಂದ ಒರೆಸಿದಾಗ ಬಟ್ಟೆ ಬೆಳ್ಳಗೇ ಇರಬೇಕು. ಒಣಗಿದ ತಕ್ಷಣ ಟೂಟಿ (ಟೂ ಸ್ಟ್ರೋಕ್) ಆಯಿಲ್ ಸವರಿ, ಇಲ್ಲವಾದರೆ ಹತ್ತು ನಿಮಿಷದಲ್ಲಿ ತುಕ್ಕು.

ರಿಂಗನ್ನು ಬರೀ ಬೋರಿನಲ್ಲಿಟ್ಟು, ಪಿಸ್ಟನ್ನಿನಿಂದ ಸಮ ತಳ್ಳಿ, ಬಾಯಿಯ ಅಂತರ ನೋಡಿ: 0.15ರಿಂದ 0.35 ಮಿ.ಮೀ. ಅಕ್ಷರ ಇರುವ ಮುಖ ಮೇಲೆ, ಬಾಯಿ ಪಿಸ್ಟನ್ನಿನಲ್ಲಿ ರಿಂಗ್ ಕೂರುವ ಕಚ್ಚಿನಲ್ಲಿರುವ ಪಿನ್ನಿಗೆ ಹೊಂದಲಿ. ಪಿಸ್ಟನ್ ಮೇಲಿನ ಬಾಣ ಸೈಲೆನ್ಸರ್ ಕಡೆ. ಗಜನ್ ಪಿನ್ ಲಾಕ್ ಹೊಸದೇ ಬೇಕು, ಅದರ ಬಾಯಿ ನೇರ ಮೇಲೆ ಅಥವಾ ನೇರ ಕೆಳಗೆ. ಅಡ್ಡ ಇದ್ದರೆ ಪಿಸ್ಟನ್ನಿನ ಓಟಕ್ಕೆ ಬಿಚ್ಚಿಕೊಳ್ಳುತ್ತದೆ. ಲಾಕ್ ಹಾಕುವಾಗ ಕೇಸಿನ ಬಾಯಿಗೆ ಬಟ್ಟೆ ತುರುಕಿರಿ.

ಹೆಡ್ಡಿನ ಮುಖವನ್ನು ದಪ್ಪ ಗಾಜಿನ ಮೇಲೆ ನುಣುಪು ಎಮರಿ ಹಾಸಿ ಎಂಟರಾಕಾರದಲ್ಲಿ ಉಜ್ಜಿ, ಎಲ್ಲೆಡೆ ಒಂದೇ ಬಣ್ಣ ಬರುವ ತನಕ. ನಾಲ್ಕು ನಟ್‌ಗಳನ್ನು ಮೂಲೆಯಿಂದ ಮೂಲೆಗೆ, ಮೂರು ಹಂತದಲ್ಲಿ, ಕೊನೆಗೆ 22ರಿಂದ 25 ನ್ಯೂಟನ್ ಮೀಟರ್. ಎಂಜಿನ್ ಮೊದಲ ಸಲ ಬಿಸಿಯಾಗಿ ಪೂರ್ತಿ ತಣ್ಣಗಾದ ಮೇಲೆ ಮತ್ತೊಮ್ಮೆ.

ಈ ಹಂತದಲ್ಲಿ ಯಾರಾದರೂ "135 ಬ್ಲಾಕೇ ಹಾಕಿಬಿಡಿ" ಅನ್ನುತ್ತಾರೆ. ಸ್ಟ್ರೋಕ್ ಒಂದೇ ಆದ್ದರಿಂದ ಆಸೆ ಸಹಜ. ಆದರೆ 58 ಮಿ.ಮೀ. ಬ್ಲಾಕಿನ ಬುಡ ಕೂರಲು ಕೇಸಿನ ಬಾಯಿ ಕೊರೆಸಬೇಕು, ಕೊರೆದ ಕೇಸ್ ಮತ್ತೆ ಮೊದಲಿನಂತಾಗದು, ಆರ್‌ಸಿಯಲ್ಲಿರುವ ಸಿಸಿಗೂ ಹೊಂದದು. ಸರಿಯಾದ ಕ್ಲಿಯರೆನ್ಸಿನ, ಗಾಳಿ ಸೋರದ 98 ಸಿಸಿಯೇ ಸಾಕು.

ರೀಡ್, ಕಾರ್ಬೊರೇಟರ್, ಪಂಪ್

ರೀಡ್ ಬ್ಲಾಕನ್ನು ಬೆಳಕಿಗೆ ಹಿಡಿಯಿರಿ. ಎಲೆಯ ತುದಿಯಲ್ಲಿ 0.3 ಮಿ.ಮೀ. ಮೀರಿ ಸಂದು ಕಂಡರೆ, ಇಲ್ಲವೇ ತುದಿ ಚೂರಾಗಿದ್ದರೆ ಬದಲಿಸಿ. ಚೂರಾದ ಸ್ಟೀಲ್ ತುಂಡು ನೇರ ಒಳಗೇ ಹೋಗುವುದು. ಸಣ್ಣ ಸ್ಕ್ರೂಗಳಿಗೆ ಥ್ರೆಡ್ ಲಾಕ್ ಒಂದು ಹನಿ. ಪಿಕಪ್ ಬರುತ್ತದೆಂದು ಸ್ಟಾಪರ್ ಬಗ್ಗಿಸುವ ರೂಢಿ ಇದೆ, ಎಲೆ ಬೇಗ ಮುರಿಯುವುದು ಬಿಟ್ಟರೆ ಬೇರೆ ಲಾಭವಿಲ್ಲ. ಬಿರುಕು ಬಿಟ್ಟ ಇನ್‌ಟೇಕ್ ರಬ್ಬರಿಗೆ ಅಂಟು ಹಚ್ಚುವ ಮಾತೇ ಬೇಡ, ಹೊಸದು.

ಕಾರ್ಬೊರೇಟರ್ ಮಿಕುನಿ ವಿಎಂ20. ಜೆಟ್‌ಗೆ ತಂತಿ ಚುಚ್ಚಬೇಡಿ, ಕ್ಲೀನರ್ ಮತ್ತು ಗಾಳಿ ಸಾಕು. ನೀಡಲ್ ಜೆಟ್ ಸವೆದು ಮೊಟ್ಟೆಯಾಕಾರವಾಗಿದ್ದರೆ ಅರ್ಧ ಆಕ್ಸಿಲರೇಟರಿನಲ್ಲಿ ಗಾಡಿ ಕೆಮ್ಮುತ್ತದೆ, ಎಷ್ಟು ಟ್ಯೂನ್ ಮಾಡಿದರೂ ಹೋಗದು. ಏರ್ ಸ್ಕ್ರೂವನ್ನು ಪೂರ್ತಿ ಮುಚ್ಚಿ ಒಂದೂವರೆ ಸುತ್ತು ತೆರೆದು ಆರಂಭಿಸಿ. ನೀಡಲ್ ಕ್ಲಿಪ್ಪನ್ನು ಒಂದು ಕಚ್ಚು ಕೆಳಗಿಳಿಸಿದರೆ ನೀಡಲ್ ಮೇಲೇರಿ ಮಿಶ್ರಣ ರಿಚ್ (ಪೆಟ್ರೋಲ್ ಹೆಚ್ಚು) ಆಗುತ್ತದೆ; ಉಲ್ಟಾ ತಿಳಿದುಕೊಂಡು ಎಂಜಿನ್ ಸುಟ್ಟವರಿದ್ದಾರೆ. ಸ್ಪಂಜಿನ ಏರ್ ಫಿಲ್ಟರ್ ಇಲ್ಲದೆ, ಅಥವಾ ಅದರ ಡಬ್ಬಿಗೆ ತೂತು ಹೊಡೆದು ಓಡಿಸಿದರೂ ಲೀನೇ.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲ್. ಇದರ ಲೆಕ್ಕ ಈ ಎಂಜಿನ್ ವಿನ್ಯಾಸವಾದಾಗ ಇರಲಿಲ್ಲ. ಬರೀ ಪೆಟ್ರೋಲ್ 1 ಕೆ.ಜಿ. ಉರಿಯಲು ಸುಮಾರು 14.7 ಕೆ.ಜಿ. ಗಾಳಿ ಬೇಕು, ಇ20ಗೆ ಸುಮಾರು 13.5. ಜೆಟ್ ಅದೇ ಇದ್ದರೆ ಮಿಶ್ರಣ ತಾನಾಗಿ ಲೀನ್ ಆಯಿತು. ಮೇನ್ ಜೆಟ್ ಒಂದೆರಡು ಸೈಜ್ ಮೇಲಕ್ಕೆ ಹೋಗಿ, ಪ್ಲಗ್ ನೋಡಿ ಇಳಿಸುವುದು ಕ್ಷೇಮ. ಹಳೆ ಪೆಟ್ರೋಲ್ ಪೈಪ್, ಫ್ಲೋಟ್ ಬೌಲಿನ ಓ-ರಿಂಗ್ ಎಥನಾಲಿಗೆ ಉಬ್ಬುತ್ತವೆ, ಬದಲಿಸಿ. ತಿಂಗಳುಗಟ್ಟಲೆ ನಿಲ್ಲಿಸುವ ಗಾಡಿಯ ಬೌಲ್ ಖಾಲಿ ಮಾಡಿಡಿ, ಎಥನಾಲ್ ನೀರು ಹೀರಿ ತಳದಲ್ಲಿ ಬೇರೆಯಾಗಿ ನಿಲ್ಲುತ್ತದೆ.

ಆಟೋಲ್ಯೂಬ್ ಪಂಪ್ ಕೆಟ್ಟಿದೆ ಎಂದು ಕಿತ್ತೆಸೆದ ಗಾಡಿಗಳೇ ಹೆಚ್ಚು. ನಿಜವಾಗಿ ಪಂಪ್ ಕೆಡುವುದು ಕಡಿಮೆ. ಒಳಗೆ ಗಾಳಿ ಕಟ್ಟಿಕೊಂಡಿರುತ್ತದೆ, ಇಲ್ಲವೇ ಕೇಬಲ್ ಹೊಂದಾಣಿಕೆ ತಪ್ಪಿರುತ್ತದೆ. ಟ್ಯಾಂಕ್ ತುಂಬಿ, ಪಂಪಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಆಯಿಲ್ ಬರುವ ತನಕ ಬಿಡಿ. ಎಂಜಿನ್ ಶುರುವಾದ ಮೇಲೆ ಐಡ್ಲಿಂಗಿನಲ್ಲೇ ಪಂಪಿನ ಕೇಬಲ್ಲನ್ನು ಕೈಯಿಂದ ಪೂರ್ತಿ ಎಳೆದು ಹಿಡಿದರೆ ಮುಂದಿನ ಪೈಪಿನ ಗಾಳಿಯೂ ಹೋಗುತ್ತದೆ. ಇದು ಖಾತ್ರಿಯಾಗುವ ತನಕ, ಮೊದಲ ಟ್ಯಾಂಕಿನ ಪೆಟ್ರೋಲಿಗೂ ಲೀಟರಿಗೆ 20 ಮಿ.ಲೀ. ಬೆರೆಸಿರಲಿ. ಆಯಿಲ್ ಜಾಸೊ ಎಫ್‌ಡಿ ದರ್ಜೆಯದು, ಕಾರ್ಬನ್ ಕಡಿಮೆ.

ಪ್ಲಗ್ ವಿಷಯದಲ್ಲಿ ಒಂದು ಎಚ್ಚರ. ಎನ್‌ಜಿಕೆಯಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗೆ. ಬೆಂಗಳೂರಿನ ಮೈಕೋ ಹೆಸರಿನಲ್ಲಿ ಬರುತ್ತಿದ್ದ ಬಾಷ್ ಪ್ಲಗ್‌ಗಳಲ್ಲಿ ಅಂಕಿ ಇಳಿದಂತೆ ತಣ್ಣಗೆ. ಒಂದರ ಅಂಕಿ ನೋಡಿ ಇನ್ನೊಂದನ್ನು ತಂದರೆ ಪಿಸ್ಟನ್ ತಲೆಗೆ ಅಪಾಯ. ಗ್ಯಾಪ್ 0.6ರಿಂದ 0.7 ಮಿ.ಮೀ.

ಸೈಲೆನ್ಸರಿನ ಒಳಕೊಳವೆ ತೆಗೆದು ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸಿದರೆ ಕಾರ್ಬನ್ ಬಿಡುತ್ತದೆ. ಕೈಗವಸು, ಕನ್ನಡಕ ಕಡ್ಡಾಯ, ಅಲ್ಯೂಮಿನಿಯಂ ಭಾಗ ಹತ್ತಿರಕ್ಕೂ ಬೇಡ, ಕರಗಿಹೋಗುತ್ತದೆ. ಒಳಕೊಳವೆಯನ್ನೇ ಬಿಸಾಕಿ ಸದ್ದು ಮಾಡಿಕೊಂಡು ಓಡುವುದರಲ್ಲಿ ಶಕ್ತಿ ಹೆಚ್ಚುವುದಿಲ್ಲ, ಕೆಳಗಿನ ಪಿಕಪ್ ಹೋಗುತ್ತದೆ.

ಶುರು ಮಾಡಿದ ಮೇಲೆ

ಗೇರ್ ಬಾಕ್ಸಿಗೆ 650 ಮಿ.ಲೀ. ಆಯಿಲ್. ಕಟ್ಟಿದ ಎಂಜಿನ್ನಿಗೆ ಬಿಪಿ ಗೇಜ್ ಹಚ್ಚಿ ಮತ್ತೊಮ್ಮೆ ಪರೀಕ್ಷೆ. ಈ ಸಲ ಮುಳ್ಳು 300ರಲ್ಲಿ ನಿಂತಿತು, ಆರು ನಿಮಿಷವಾದರೂ ಕದಲಿದ್ದು ಒಂದು ಗೆರೆಯಷ್ಟು. ಆಮೇಲಷ್ಟೇ ಕಿಕ್ಕರ್. ಐಡ್ಲಿಂಗ್ ಆಕ್ಸಿಲರೇಟರ್ ಬಿಟ್ಟ ತಕ್ಷಣ ಇಳಿಯುತ್ತದೆ.

ಮೊದಲು ಎರಡು-ಮೂರು ನಿಮಿಷ ಓಡಿಸಿ, ರೆಕ್ಕೆಗಳನ್ನು ಕೈಯಲ್ಲಿ ಮುಟ್ಟುವಂತಾಗುವ ತನಕ ಆರಲು ಬಿಡಿ. ಇದನ್ನು ಕೆಲವು ಬಾರಿ ಮಾಡಿ ಹೆಡ್ ನಟ್ ನೋಡಿ. 500 ಕಿ.ಮೀ. ತನಕ ಒಂದೇ ವೇಗದಲ್ಲಿ ಹೈವೇ ಹಿಡಿಯಬೇಡಿ, ಪೂರ್ತಿ ತಿರುಚಬೇಡಿ. ಹಾಗೆಂದು ಟಾಪ್ ಗೇರಿನಲ್ಲಿ 25ಕ್ಕೆ ಕುಕ್ಕಿಸುತ್ತಾ ಹೋಗುವುದೂ ಒಳ್ಳೆಯದಲ್ಲ.

ಘಾಟಿ ಇಳಿಯುವವರು ಇದನ್ನು ತಿಳಿದಿರಬೇಕು. ಪಂಪ್ ಆಯಿಲ್ ಕೊಡುವುದು ಆಕ್ಸಿಲರೇಟರ್ ಲೆಕ್ಕದಲ್ಲಿ. ಚಾರ್ಮಾಡಿಯಲ್ಲೋ ಆಗುಂಬೆಯಲ್ಲೋ ಎರಡನೇ ಗೇರ್ ಹಾಕಿ ಆಕ್ಸಿಲರೇಟರ್ ಮುಚ್ಚಿ ಎಂಜಿನ್ ಬ್ರೇಕಿನಲ್ಲಿ ಇಳಿದರೆ ಎಂಜಿನ್ ಜೋರಾಗಿ ತಿರುಗುತ್ತಿರುತ್ತದೆ, ಪ್ರತಿ ಸುತ್ತಿಗೆ ಸಿಗುವ ಆಯಿಲ್ ಮಾತ್ರ ಐಡ್ಲಿಂಗಿನಷ್ಟು. ಪೆಟ್ರೋಲಿಗೇ ಬೆರೆಸುವ ಗಾಡಿಯಲ್ಲಿ ಇನ್ನೂ ಕಷ್ಟ, ಪೆಟ್ರೋಲ್ ಹೋಗದಿದ್ದರೆ ಆಯಿಲೂ ಇಲ್ಲ. ಆಗಾಗ ಕ್ಲಚ್ ಹಿಡಿದು ಒಂದು ಸಣ್ಣ ತಿರುವು ಕೊಡುತ್ತಾ ಇಳಿಯಿರಿ.

500 ಕಿ.ಮೀ. ಆದ ಮೇಲೆ ಗೇರ್ ಆಯಿಲ್ ಬದಲಿಸಿ. ಹೊಸ ಪ್ಲಗ್ ಹಾಕಿ ಖಾಲಿ ರಸ್ತೆಯಲ್ಲಿ ಮೂರನೇ ಗೇರಿನಲ್ಲಿ ಪೂರ್ತಿ ತಿರುಚಿ, ಕ್ಲಚ್ ಹಿಡಿದ ಕ್ಷಣವೇ ಇಗ್ನಿಷನ್ ಆಫ್ ಮಾಡಿ, ಗಾಡಿ ಬದಿಗೆ ನಿಲ್ಲಿಸಿ ಪ್ಲಗ್ ತೆಗೆಯಿರಿ. ಪಿಂಗಾಣಿಯ ಬುಡದಲ್ಲಿ ಕಾಫಿ ಬಣ್ಣದ ಉಂಗುರ ಇರಬೇಕು. ಬೆಳ್ಳಗಿದ್ದರೆ ಮೇನ್ ಜೆಟ್ ಇನ್ನೊಂದು ಸೈಜ್ ಮೇಲಕ್ಕೆ, ಕಪ್ಪು ಒದ್ದೆಯಾಗಿದ್ದರೆ ಒಂದು ಕೆಳಕ್ಕೆ. ಸೈಲೆನ್ಸರ್ ಬಿಚ್ಚಿ ಪೋರ್ಟಿನೊಳಗೆ ಟಾರ್ಚ್ ಬಿಟ್ಟು, ಕಿಕ್ಕರನ್ನು ಕೈಯಿಂದ ಒತ್ತಿ ಪಿಸ್ಟನ್ ಆಡಿಸಿ ನೋಡಿ. ಸ್ಕರ್ಟಿನ ಮೇಲೆ ನೇರ ಗೀರು ಇಲ್ಲದೆ ಬೂದು ಬಣ್ಣ ಸಮನಾಗಿದ್ದರೆ ಸೈಲೆನ್ಸರ್ ವಾಷರ್ ಹೊಸದು ಹಾಕಿ ಬಿಗಿಯಿರಿ.